ಇಂದಿನ ಧಮ್ಮ ಚಿಂತನೆ: ನಲ್ಲಿಯಲ್ಲಿ ನೀರಿಲ್ಲ, ಕಾರಣ ಹುಡುಕೋಣ





ಕಳಸ, ಹೊರನಾಡು ಕಡೆ ಎಷ್ಟೋ ಮನೆಗಳಿಗೆ ಮೋಟಾರಿಲ್ಲದೆ, ಗುಡ್ಡದ ಒರತೆಯಿಂದ ಪೈಪಿನಲ್ಲಿ ನೀರು ತಾನಾಗಿ ಇಳಿದು ಬರುತ್ತದೆ. ಒಂದು ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಬರೀ ಗಾಳಿ. "ನಮ್ಮ ಹಣೆಬರಹ" ಎಂದರೆ ಕೊಡ ತುಂಬದು. ನೋಡದೆಯೇ ಮೇಲಿನ ಮನೆಯವರನ್ನು ಬೈದರೂ ತುಂಬದು.

ಪೈಪ್ ಹಿಡಿದು ಮೇಲೆ ಹತ್ತಬೇಕು:
1. ಒರತೆಯಲ್ಲಿ ನೀರಿದೆಯೇ?
2. ಪೈಪಿನ ಬಾಯಿಯ ಜಾಲರಿಗೆ ತರಗೆಲೆ ಕಟ್ಟಿದೆಯೇ?
3. ಎಲ್ಲಾದರೂ ಜಾಯಿಂಟ್ ಬಿಟ್ಟಿದೆಯೇ?
4. ಪೈಪ್ ಏರಿ ಇಳಿಯುವ ಕಡೆ ಗಾಳಿ ಸೇರಿಕೊಂಡಿದೆಯೇ? ಅಲ್ಲಿ ಜಾಯಿಂಟ್ ಸಡಿಲಿಸಿ ಗಾಳಿ ಬಿಟ್ಟರೆ ನೀರು ಹರಿಯುತ್ತದೆ.

ಬುದ್ಧರು ಹೇಳಿದ *ಪಟಿಚ್ಚ ಸಮುಪ್ಪಾದ* ಇದೇ. ಕಾರಣವಿದ್ದರೆ ಕಾರ್ಯ, ಕಾರಣ ತೆಗೆದರೆ ಕಾರ್ಯವೂ ಇಲ್ಲ.

ಮಹಾಡ್ ನೆನೆಯೋಣ. ಚವದಾರ್ ಕೆರೆಯಲ್ಲಿ ನೀರಿತ್ತು. ಸಾರ್ವಜನಿಕ ನೀರು ಎಲ್ಲರಿಗೂ ಎಂಬ 1923ರ ಮುಂಬಯಿ ಶಾಸನ ಸಭೆಯ ಠರಾವೂ ಇತ್ತು. ಆದರೂ ನಮ್ಮವರಿಗೆ ಒಂದು ಬೊಗಸೆ ಸಿಗಲಿಲ್ಲ. ಅಡ್ಡ ಕಟ್ಟಿದ್ದು ಹಿಂದಿನ ಜನ್ಮದ ಪಾಪವಲ್ಲ, ಮನುಷ್ಯರ ಮನಸ್ಸಿನ ಜಾತಿ. ಬಾಬಾಸಾಹೇಬರು 1927ರ ಮಾರ್ಚ್ 20ರಂದು ಜನರೊಡನೆ ನಡೆದು ಹೋಗಿ ಆ ನೀರು ಕುಡಿದರು. ಅಲ್ಲಿಗೇ ಬಿಡಲಿಲ್ಲ, ಕೋರ್ಟಿನಲ್ಲೂ ಹೋರಾಡಿ 1937ರಲ್ಲಿ ಗೆದ್ದರು.

ಜಾಲರಿಯನ್ನೂ ಒಮ್ಮೆ ತೊಳೆದರೆ ಸಾಲದು. ಪ್ರತಿ ಮಳೆಗೂ ಎಲೆ ಬರುತ್ತದೆ. ನಮ್ಮ ಮನಸ್ಸೂ ಹಾಗೆಯೇ.

*ಇಂದಿನ ಅಭ್ಯಾಸ:* ಮನೆಯ ಒಂದು ತೊಂದರೆಗೆ "ಹಣೆಬರಹ" ಎನ್ನುವ ಮೊದಲು "ಕಾರಣವೇನು?" ಎಂದು ಕೇಳಿ. ಮಕ್ಕಳಿಗೂ ಕೇಳಲು ಕಲಿಸಿ.

ಭವತು ಸಬ್ಬ ಮಂಗಲಂ 🙏