ಕೀ ಕಳೆದರೆ ಕಣಜ ಸುಡುವುದೇ?

ಸೋಮವಾರ ಸಂಜೆ. ಅವ್ವ ಕಂಪ್ಯೂಟರ್ ಮುಂದೆ ಕೂತಿದ್ದಾಳೆ. ಅವಳು ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳು. ಸಂಘದಲ್ಲಿ 15 ಹೆಂಗಸರು. ಅವರ ಮೂರು ವರ್ಷದ ಉಳಿತಾಯ, ಸಾಲ ಎಲ್ಲದರ ಲೆಕ್ಕ ಈ ಕಂಪ್ಯೂಟರಿನಲ್ಲಿದೆ. ನಾಳೆ ಬೆಳಿಗ್ಗೆ ಬ್ಯಾಂಕಿಗೆ ತೋರಿಸಬೇಕು.

ಅವ್ವ ಪಾಸ್‌ವರ್ಡ್ ಒತ್ತಿದಳು. ಪಾಸ್‌ವರ್ಡ್ ಅಂದರೆ ಗುಟ್ಟಿನ ಪದ. ಅದೇ ಕಂಪ್ಯೂಟರಿನ ಕೀ. ತಪ್ಪು ಎಂದು ಬಂತು. ಮತ್ತೆ ಒತ್ತಿದಳು. ಮತ್ತೆ ತಪ್ಪು. ಹೋದ ತಿಂಗಳು ಅವಳೇ ಹಳೆಯ ಪದ ಬದಲಾಯಿಸಿದ್ದಳು. ಹೊಸದು ಮರೆತೇ ಹೋಗಿದೆ!

ಪಕ್ಕದ ಮನೆ ಹುಡುಗ ಬಂದ. "ಅಂಗಡಿಗೆ ಕೊಡಿ ಅತ್ತೆ. ಫಾರ್ಮ್ಯಾಟ್ ಮಾಡ್ತಾರೆ. ಹೊಸದರ ಹಾಗೆ ಆಗುತ್ತೆ" ಎಂದ.

ಅವ್ವನಿಗೆ ಅನುಮಾನ ಬಂತು. ಮೈಸೂರಿನಲ್ಲಿ ಓದುವ ಮಗಳಿಗೆ ಫೋನ್ ಮಾಡಿದಳು.

"ಬ್ಯಾಡ ಕಣವ್ವ! ಫಾರ್ಮ್ಯಾಟ್ ಮಾಡಿದ್ರೆ ಒಳಗಿರೋದೆಲ್ಲ ಅಳಿಸಿಹೋಯ್ತದೆ. ಕಣಜದ ಕೀ ಕಳೆದ್ರೆ ಕಣಜಕ್ಕೆ ಬೆಂಕಿ ಹಾಕ್ತಾರಾ? ನೀನು ಮರೆತಿರೋದು ಕೀ. ರಾಗಿ ಒಳಗೇ ಐತೆ."

"ಮತ್ತೇನು ಮಾಡ್ಲಿ ಮಗ?"

"ಮೊದಲು ಕ್ಯಾಪ್ಸ್ ಲಾಕ್ ಗುಂಡಿ ನೋಡು. ಅದು ಒತ್ತಿದ್ರೆ ಸಣ್ಣ ಅಕ್ಷರ ದೊಡ್ಡದಾಗಿ ಬೀಳ್ತವೆ. ಆಗ ಸರಿಯಾದ ಪದವೂ ತಪ್ಪಾಗ್ತದೆ. ಬರೆಯೋ ಜಾಗದ ಪಕ್ಕ ಕಣ್ಣಿನ ಚಿತ್ರ ಬರ್ತದೆ. ಅದನ್ನ ಒತ್ತಿದ್ರೆ ನೀನು ಬರೆದದ್ದು ಕಾಣ್ತದೆ."

ಅವ್ವ ನೋಡಿದಳು. ಅಕ್ಷರ ಸರಿಯಾಗಿತ್ತು. ಪದವೇ ತಪ್ಪಾಗಿತ್ತು.

"ಹಾಗಾದ್ರೆ ಕೆಳಗೆ 'ರೀಸೆಟ್ ಪಾಸ್‌ವರ್ಡ್' ಅಂತ ಐತಲ್ಲ, ಅದನ್ನ ಒತ್ತು."

ಮೂರು ಪ್ರಶ್ನೆಗಳು ಬಂದವು. ಅವ್ವ ಅಕ್ಷರ ಕೂಡಿಸಿ ಓದಿದಳು. ಮಗಳು ಅರ್ಥ ಹೇಳಿದಳು.

ಮೊದಲು ಸಾಕಿದ ಪ್ರಾಣಿಯ ಹೆಸರೇನು?
ಹುಟ್ಟಿದ ಊರು ಯಾವುದು?
ಚಿಕ್ಕಂದಿನಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಿದ್ದರು?

ಕಂಪ್ಯೂಟರ್ ತಂದ ದಿನವೇ ಇಬ್ಬರೂ ಕೂತು ಉತ್ತರ ತುಂಬಿದ್ದರು. ಪ್ರಾಣಿ ಗೌರಿ ಹಸು. ಊರು ಮದ್ದೂರು. ಮೂರನೆಯದು ಓದಿ ಅವ್ವ ನಕ್ಕಳು. ಮದುವೆಯಾದ ಮೇಲೆ ಯಾರೂ ಹಾಗೆ ಕರೆದಿಲ್ಲ. 'ಪುಟ್ಟಿ' ಎಂದು ಬರೆದಳು.

ಉತ್ತರ ಸರಿಯಿಲ್ಲ ಎಂದು ಬಂತು.

"ಗೌರಿ ಅಂತ ಇಂಗ್ಲಿಷಿನಲ್ಲಿ ಹೆಂಗೆ ಬರೆದೆ? ಅವತ್ತು ಬರೆದಂಗೇ ಬರೀಬೇಕು."

ಅವ್ವ ಒಂದು ಅಕ್ಷರ ತಿದ್ದಿದಳು. ಕಂಪ್ಯೂಟರ್ ಹೊಸ ಪಾಸ್‌ವರ್ಡ್ ಕೇಳಿತು. ಎರಡು ಸಲ ಬರೆದಳು. ಬಾಗಿಲು ತೆರೆಯಿತು. ಲೆಕ್ಕ ಇದ್ದ ಹಾಗೇ ಇತ್ತು. 15 ಹೆಂಗಸರ ಹಣದ ಲೆಕ್ಕ ಉಳಿಯಿತು.

ತಿಳಿದುಕೊಳ್ಳಿ

1. ಈ ಮೂರು ಪ್ರಶ್ನೆಗಳ ಅನುಕೂಲ ವಿಂಡೋಸ್ 10ರಲ್ಲಿ 2018ರಲ್ಲಿ ಬಂತು. ವಿಂಡೋಸ್ 11ರಲ್ಲೂ ಇದೆ. ಮೊದಲೇ ಉತ್ತರ ತುಂಬಿರಬೇಕು.

2. ಕೆಲವರು ಮೈಕ್ರೋಸಾಫ್ಟ್ ಖಾತೆಯಿಂದ ಕಂಪ್ಯೂಟರ್ ತೆರೆಯುತ್ತಾರೆ. ಅವರಿಗೆ ಈ ಪ್ರಶ್ನೆ ಬರುವುದಿಲ್ಲ. ಅವರು ಕೊಟ್ಟ ಫೋನಿಗೆ ಅಥವಾ ಇ-ಮೇಲ್‌ಗೆ ಗುಟ್ಟಿನ ಸಂಖ್ಯೆ ಬರುತ್ತದೆ. ಅದನ್ನು ಬರೆದು ಹೊಸ ಪಾಸ್‌ವರ್ಡ್ ಮಾಡಬಹುದು. ಆ ಸಂಖ್ಯೆಯನ್ನು ಯಾರು ಕೇಳಿದರೂ ಹೇಳಬೇಡಿ.

3. ಪಾಸ್‌ವರ್ಡನ್ನು ಪುಸ್ತಕದಲ್ಲಿ ಬರೆದು ಪೆಟ್ಟಿಗೆಯಲ್ಲಿಡಿ. ಕಂಪ್ಯೂಟರಿಗೆ ಅಂಟಿಸಬೇಡಿ.

4. ಲೆಕ್ಕದ ಒಂದು ಪ್ರತಿಯನ್ನು ಪೆನ್ ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಬಿತ್ತನೆ ಬೀಜ ಬೇರೆ ಎತ್ತಿಡುವುದಿಲ್ಲವೇ? ಹಾಗೆ.

ಉತ್ತರ ಹೇಳಿ

1. ಫಾರ್ಮ್ಯಾಟ್ ಮಾಡಿದ್ದರೆ ಸಂಘಕ್ಕೆ ಏನಾಗುತ್ತಿತ್ತು?
2. ಅವ್ವನ ಮೊದಲ ಉತ್ತರ ಯಾಕೆ ತಪ್ಪಾಯಿತು?
3. ನಿಮ್ಮನ್ನು ಚಿಕ್ಕಂದಿನಲ್ಲಿ ಏನೆಂದು ಕರೆಯುತ್ತಿದ್ದರು? ಆ ಹೆಸರನ್ನು ಇಲ್ಲಿ ಬರೆಯಿರಿ.