ಮೊದಲು ಬಿಲ್ಲು ಓದು, ಆಮೇಲೆ ಸೋಲಾರ್ ಹಾಕು

ತಮ್ಮಾ, ಪೊಳ್ಳಾಚಿ ಪಕ್ಕದ ನಿಮ್ಮೂರಿಗೆ ಸೋಲಾರ್ ತರಬೇಕೆಂದು ಹುಡುಗರೆಲ್ಲ ಓಡಾಡುತ್ತಿದ್ದೀರಿ ಎಂದು ಕೇಳಿ ಸಂತೋಷವಾಯಿತು. ಸಬ್ಸಿಡಿ ಎಷ್ಟು, ಯಾವ ಕಂಪನಿ ಎಂದು ವಿಚಾರಿಸುವ ಮುಂಚೆ ಒಂದು ಕೆಲಸ ಮಾಡು. ಊರಿನ ಕರೆಂಟ್ ಬಿಲ್ಲುಗಳನ್ನೆಲ್ಲ ಮುಂದೆ ಹರಡಿಕೊಂಡು, ದುಡ್ಡು ಎಲ್ಲಿ ಸೋರುತ್ತಿದೆ ನೋಡು.

ಹಾಗೆ ಲೆಕ್ಕ ಹಾಕಿ ಗೆದ್ದ ಊರು ನಿಮ್ಮ ಕೊಯಮತ್ತೂರು ಜಿಲ್ಲೆಯಲ್ಲೇ ಇದೆ. ಅದು ಮೇಟ್ಟುಪಾಳ್ಯಂ ಹತ್ತಿರದ ಓಡಂತುರೈ. ಬೀದಿದೀಪಕ್ಕೂ ಕುಡಿಯುವ ನೀರಿನ ಮೋಟಾರಿಗೂ ಕಟ್ಟುವ ಬಿಲ್ಲು ಅಲ್ಲಿನ ಪಂಚಾಯ್ತಿಗೆ ಹೊರೆಯಾಗಿತ್ತು. ಅಧ್ಯಕ್ಷರಾಗಿದ್ದ ಆರ್. ಷಣ್ಮುಗಂ ಅವರ ಕಾಲದಲ್ಲಿ, 2003ರಲ್ಲಿ, ಸೌದೆಯ ಚೂರಿನಿಂದ ಅನಿಲ ಮಾಡಿ ನೀರೆತ್ತುವ 9 ಕಿಲೋವಾಟ್ ಯಂತ್ರ ಬಂತು. 2006ರಲ್ಲಿ 350 ಕಿಲೋವಾಟಿನ ಗಾಳಿಯಂತ್ರವನ್ನೇ ಪಂಚಾಯ್ತಿ ಕೊಂಡಿತು. ಅದರ ಬೆಲೆ ಸುಮಾರು 1.55 ಕೋಟಿ. 40 ಲಕ್ಷ ಪಂಚಾಯ್ತಿಯ ಉಳಿತಾಯ, ಉಳಿದದ್ದು ಬ್ಯಾಂಕ್ ಸಾಲ. ಯಂತ್ರ ನಿಂತಿರುವುದು ನಿಮಗೆ ಹತ್ತಿರದ ಉಡುಮಲೈಪೇಟೆ ಕಡೆಯ ಮೈವಾಡಿಯಲ್ಲಿ. ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಗಾಳಿ ಅಲ್ಲಿ ಚೆನ್ನಾಗಿ ಬೀಸುತ್ತದೆ. ಊರಿಗೆ ಬೇಕಾದಷ್ಟು ಬಳಸಿ ಮಿಕ್ಕದ್ದನ್ನು ವಿದ್ಯುತ್ ಮಂಡಳಿಗೆ ಮಾರಿದರು, ಆ ಆದಾಯದಲ್ಲೇ ಸಾಲ ತೀರಿಸಿದರು. ಸಾಲದ ಕಂತು ಕಟ್ಟಬೇಕಾದವರು ಯಂತ್ರ ಕೆಟ್ಟು ನಿಂತರೆ ಸುಮ್ಮನೆ ಕೂರುವುದಿಲ್ಲ. ಅದನ್ನು ನೆನಪಿಡು.

ಈಗ ಮನೆಯ ಚಾವಣಿಯ ಮೇಲೆ 3 ಕಿಲೋವಾಟ್ ಹಾಕಿಸಿದರೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಕೇಂದ್ರ 78,000 ರೂಪಾಯಿ ಕೊಡುತ್ತದೆ. ಪಡೆದುಕೊಳ್ಳಿ, ಆದರೆ ಜಾಗ ನೋಡಿ ಹಾಕಿಸಿ. ನಿಮ್ಮದು ತೆಂಗಿನ ಸೀಮೆ. ಒಂದೇ ಗರಿಯ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಅದರ ಜೊತೆ ಸಾಲಾಗಿ ಜೋಡಿಸಿದ ಉಳಿದವುಗಳ ಉತ್ಪಾದನೆಯೂ ಕುಗ್ಗಬಹುದು. ನಾರಿನ ಕಾರ್ಖಾನೆ ಹತ್ತಿರವಿದ್ದರೆ ಕಂದು ಧೂಳು ಬಂದು ಕೂರುತ್ತದೆ. ಬಿಸಿಲೇರುವ ಮುಂಚೆ, ಗಾಜು ತಣ್ಣಗಿರುವಾಗ, ನೀರು ಹಾಕಿ ಮೆತ್ತನೆ ಬಟ್ಟೆಯಿಂದ ಒರೆಸಬೇಕು.

ಸೋಲಾರ್ ಪಂಪಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬಿಸಿಲಿಗೆ ಬಿಲ್ಲಿಲ್ಲ ಎಂದು ದಿನವಿಡೀ ಮೋಟಾರು ಓಡಿಸಿದರೆ ಬಾವಿ ಬರಿದಾಗುತ್ತದೆ. ಕರೆಂಟು ಉಳಿಸಿ ನೀರು ಕಳೆದುಕೊಂಡರೆ ಏನು ಬಂತು? ಪಂಪಿನ ಜೊತೆಗೇ ಹನಿ ನೀರಾವರಿ ಮಾಡಿಸಿ.

ಬರುವ ಆಗಸ್ಟ್ 15ರ ಗ್ರಾಮಸಭೆಯಲ್ಲಿ ಆ ಬಿಲ್ಲುಗಳನ್ನು ಎಲ್ಲರೆದುರು ಓದು. ಯಂತ್ರ ಕೆಟ್ಟರೆ ರಿಪೇರಿ ಯಾರ ಹೊಣೆ, ಅದಕ್ಕೆ ತಿಂಗಳಿಗೆ ಎಷ್ಟು ಎತ್ತಿಡಬೇಕು ಎಂಬುದನ್ನು ಅಲ್ಲೇ ಬರೆಸು. ಅದಾದ ಮೇಲೆ ಧೈರ್ಯವಾಗಿ ಮುಂದುವರಿಯಿರಿ. ಬಿಸಿಲು, ಗಾಳಿ ಎರಡೂ ನಿಮ್ಮ ಸೀಮೆಗೆ ಧಾರಾಳವಾಗಿ ಸಿಕ್ಕಿವೆ.