ಕಡಲು ದಾಟಿದ ಪಂದ್ಯ

ಕಾಲ್ಚೆಂಡಿನ ಆಟ ನಮಗೆಲ್ಲರಿಗೂ ಪರಿಚಿತವಾದದ್ದು. ಆದರೆ ಐರ್ಲೆಂಡಿನ ಜನರಿಗೆ ತಮ್ಮದೇ ಆದ ಇನ್ನೊಂದು ಕಾಲ್ಚೆಂಡಾಟವುಂಟು. ಅದರ ಹೆಸರು ಗೇಲಿಕ್ ಫುಟ್‌ಬಾಲ್. ಆ ಆಟದ 1947ನೆಯ ಇಸವಿಯ ಚಾಂಪಿಯನ್‌ಷಿಪ್ಪಿನ ಸಂಗತಿಯನ್ನು ಈ ಪಾಠದಲ್ಲಿ ತಿಳಿಯೋಣ.

ಮೊದಲು ಆಟದ ಲೆಕ್ಕ. ಒಂದೊಂದು ಪಕ್ಷಕ್ಕೆ 15 ಮಂದಿ. ಚೆಂಡನ್ನು ಕಾಲಿನಿಂದ ಒದೆಯಬಹುದು, ಕೈಯಿಂದ ಹಿಡಿಯಲೂಬಹುದು. ಗೋಲಿನ ಎರಡು ಕಂಬಗಳು ಎತ್ತರಕ್ಕೆ ಹೋಗಿರುತ್ತವೆ. ಅವುಗಳ ನಡುವೆ ಒಂದು ಅಡ್ಡಪಟ್ಟಿ. ಚೆಂಡು ಪಟ್ಟಿಯ ಕೆಳಗೆ ನುಗ್ಗಿದರೆ ಗೋಲು. ಒಂದು ಗೋಲಿಗೆ 3 ಅಂಕದ ಬೆಲೆ. ಪಟ್ಟಿಯ ಮೇಲೆ, ಕಂಬಗಳ ನಡುವೆ ಹಾದರೆ ಆಗಿನ ನಿಯಮದಲ್ಲಿ 1 ಅಂಕ. ಇವೆರಡನ್ನೂ ಬೇರೆ ಬೇರೆಯಾಗಿ ಬರೆಯುವುದು ರೂಢಿ. ಪಂದ್ಯಗಳು ಕೌಂಟಿಗಳ ನಡುವೆ ನಡೆಯುತ್ತವೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯಿದ್ದಂತೆ. ಆಟಗಾರರಿಗೆ ಸಂಬಳವಿಲ್ಲ. ಬೇರೆ ಉದ್ಯೋಗ ಮಾಡಿಕೊಂಡು ತಮ್ಮ ಸೀಮೆಯ ಹೆಸರಿಗಾಗಿ ಆಡುವವರು ಅವರು. 1884ರಲ್ಲಿ ಥರ್ಲ್ಸ್ ಪಟ್ಟಣದಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಸಂಘವು ಇದರ ಆಡಳಿತವನ್ನು ನೋಡಿಕೊಳ್ಳುತ್ತದೆ.

ಫೈನಲ್ ಪಂದ್ಯಕ್ಕೆ ವಾಡಿಕೆಯ ಸ್ಥಳ ಡಬ್ಲಿನ್ ನಗರದ ಕ್ರೋಕ್ ಪಾರ್ಕ್. 1947ರಲ್ಲಿ ಮಾತ್ರ ಅದನ್ನು ಅಟ್ಲಾಂಟಿಕ್ ಸಾಗರದಾಚೆ ನ್ಯೂಯಾರ್ಕಿನಲ್ಲಿ ಆಡಿದರು. ಕಾರಣವೇನು? 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಘೋರ ಕ್ಷಾಮ ಬಂದಿತು. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಮಂದಿ, ಅಥವಾ ಇನ್ನೂ ಹೆಚ್ಚು ಮಂದಿ, ಹಡಗು ಹತ್ತಿ ದೇಶ ಬಿಟ್ಟರು. ಅವರಲ್ಲಿ ಬಹಳ ಜನ ಸೇರಿದ್ದು ಅಮೆರಿಕವನ್ನು. ಎಲ್ಲಕ್ಕೂ ಕರಾಳವಾದ 1847ನೆಯ ವರ್ಷಕ್ಕೆ ನೂರು ತುಂಬುವಾಗ, ಪಂದ್ಯವನ್ನು ಆ ವಲಸೆಗಾರರ ಸಂತತಿಯ ಬಳಿಗೇ ಒಯ್ಯಬೇಕೆಂದು ಕ್ಲೇರ್ ಕೌಂಟಿಯ ಪಾದ್ರಿ ಮೈಕೆಲ್ ಹ್ಯಾಮಿಲ್ಟನ್ ಸೂಚಿಸಿದರು. ವಿರೋಧವೂ ಎದ್ದಿತು. ಊರಿನಲ್ಲೇ ಉಳಿದವರಿಗೆ ವರ್ಷದ ದೊಡ್ಡ ಪಂದ್ಯ ಕಣ್ಣಿಗೆ ಬೀಳದೆ ಹೋಗುವುದು ಸಣ್ಣ ನಷ್ಟವೇ? ಕೊನೆಗೆ ಸೂಚನೆಯೇ ಗೆದ್ದಿತು. ಆಟಗಾರರು ಕೆಲವರು ಹಡಗಿನಲ್ಲಿ, ಕೆಲವರು ವಿಮಾನದಲ್ಲಿ ಹೊರಟರು.

ಸೆಪ್ಟೆಂಬರ್ 14, ಭಾನುವಾರ. ನಮ್ಮ ದೇಶ ಸ್ವತಂತ್ರವಾಗಿ ಆಗ ಸರಿಯಾಗಿ ಮೂವತ್ತು ದಿನ. ಪೋಲೋ ಗ್ರೌಂಡ್ಸ್ ಎಂಬಲ್ಲಿ ಕ್ಯಾವನ್ ಮತ್ತು ಕೆರ್ರಿ ಎದುರಾದವು. 34 ಸಾವಿರಕ್ಕೂ ಮೇಲ್ಪಟ್ಟು ಜನ ಸೇರಿದ್ದರು. ಅದು ಬೇಸ್‌ಬಾಲಿನ ಮೈದಾನ. ಚೆಂಡು ಎಸೆಯುವವನು ನಿಲ್ಲುವ ಮಣ್ಣಿನ ದಿಬ್ಬ ಅಂಗಳದಲ್ಲೇ ಉಳಿದಿತ್ತು. ಮೊದಲು ಕೆರ್ರಿ ಬಹಳ ಮುಂದೆ ಹೋಯಿತು. ಜಾನ್ ಜೋ ಓ'ರೈಲಿಯ ನಾಯಕತ್ವದ ಕ್ಯಾವನ್ ಎದೆಗುಂದದೆ ಅರ್ಧ ಆಟದ ಹೊತ್ತಿಗೆ ಒಂದು ಅಂಕ ಮುಂದಾಯಿತು. ಕೊನೆಯ ಲೆಕ್ಕ: ಕ್ಯಾವನ್ 2–11, ಕೆರ್ರಿ 2–7. ಕೂಡಿಸಿ ನೋಡಿರಿ: 17 ಮತ್ತು 13. ಗೋಲುಗಳು ಎರಡೂ ಕಡೆ ಸಮ. ಒಂದೊಂದಾಗಿ ಕೂಡಿಟ್ಟ ಅಂಕಗಳೇ ಜಯ ತಂದವು. ಅವುಗಳಲ್ಲಿ 8 ಪೀಟರ್ ಡೊನೊಹೊ ಒಬ್ಬನವೇ.

ಇತ್ತ ಐರ್ಲೆಂಡಿನಲ್ಲಿ ಜನ ರೇಡಿಯೋದ ಸುತ್ತ ಗುಂಪುಗೂಡಿದ್ದರು. ವರ್ಣನೆ ಮಾಡುತ್ತಿದ್ದವನು ಮೀಹಾಲ್ ಓ'ಹೆಹಿರ್. ಧ್ವನಿ ಸಾಗಿಸುವ ಲೈನನ್ನು ಗೊತ್ತಾದ ಹೊತ್ತಿಗೆ ಮಾತ್ರ ಪಡೆದಿದ್ದರು. ಆಟವೋ ತಡವಾಯಿತು, ಗಡುವು ಮುಗಿಯುತ್ತ ಬಂದಿತು. ಲೈನನ್ನು ನೋಡಿಕೊಳ್ಳುವ, ತಾನು ಕಾಣದ ನೌಕರನನ್ನು ಉದ್ದೇಶಿಸಿ, ಇನ್ನೈದು ನಿಮಿಷ ಕೊಡಿರೆಂದು ಅವನು ನಡುನಡುವೆ ಅಂಗಲಾಚಿದನು. ಲೈನು ಕಡಿಯಲಿಲ್ಲ, ಊರಿನವರು ಫಲಿತಾಂಶ ಕೇಳಿದರು.

ಪರಸ್ಥಳದಲ್ಲಿ ಕುಳಿತು ಊರಿನ ಕಾಗದಕ್ಕಾಗಿ ಕಾಯುವುದೇನೆಂದು ನಾವು ಬಲ್ಲೆವು. ಆ ಒಂದು ದಿನ ಮಾತ್ರ ಊರೇ ಕಾದು ಕುಳಿತಿತ್ತು, ಊರು ಬಿಟ್ಟವರ ಕಡೆಯಿಂದ ಬರುವ ಸುದ್ದಿಗಾಗಿ. ಆ ಫೈನಲ್ ಅಂದಿನಿಂದ ಇಂದಿನವರೆಗೆ ಮತ್ತೆ ಐರ್ಲೆಂಡಿನ ಹೊರಗೆ ನಡೆದಿಲ್ಲ.